ಸೋತ ದಿನದ ಬೆಂಚು

ಹಾಕಿ ತಂಡದ ತರಬೇತುದಾರರಿಗೆ ನಮಸ್ಕಾರಗಳು.

ನಿಮ್ಮ ಗೋಲ್‌ಕೀಪರ್ ಆಗಿದ್ದ ನನ್ನ ಮಗಳು ಊಟಕ್ಕೆ ಕೂತಾಗಲೆಲ್ಲ ನಿಮ್ಮದೊಂದು ಪದ್ಧತಿಯನ್ನು ಹೊಗಳುತ್ತಿದ್ದಳು. ಪಂದ್ಯ ಸೋತರೆ ನೀವು ಬೆಂಚಿನ ಮೇಲೆ ಕೂತು, ಹುಡುಗಿಯರನ್ನು ಎದುರಿಗೆ ನಿಲ್ಲಿಸಿಕೊಂಡು, ಮೊದಲು ನಿಮ್ಮ ತಪ್ಪುಗಳನ್ನೇ ಹೇಳುತ್ತಿದ್ದಿರಂತೆ. ಹಾಗೆ ಮಾಡುವ ತರಬೇತುದಾರನಿಗೆ ಬೆಲೆ ಉಳಿಯುವುದಿಲ್ಲವೆಂದು ನಾನು ವಾದಿಸುತ್ತಿದ್ದೆ.

“ಅಪ್ಪಾ, ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಸೋತಾಗ ನೀವೇನು ಮಾಡ್ತಿದ್ರಿ?” ಎಂದಳು ಒಮ್ಮೆ.

“ತೀರ್ಪುಗಾರರಿಗೆ ತಲೆ ಇಲ್ಲ ಅಂತಿದ್ದೆ.”

“ಅದಕ್ಕೇ ಮತ್ತೆ ಮತ್ತೆ ಸೋತ್ರಿ, ಬಿಡಿ” ಎಂದು ನಕ್ಕಳು.

ಅವಳು ತೀರಿಕೊಂಡ ನಂತರದ ಪಂದ್ಯದಲ್ಲಿ ಅವಳ ಜಾಗಕ್ಕೆ ಬೇರೊಬ್ಬಳನ್ನು ನಿಲ್ಲಿಸಲು ನಿಮಗೆ ಮನಸ್ಸಾಗಲಿಲ್ಲವಂತೆ. ಗೋಲನ್ನು ಬರಿದಾಗಿಯೇ ಬಿಟ್ಟು ಆಡಿಸಿದಿರಂತೆ. ಸೋತ ಮೇಲೆ ಬೆಂಚಿನತ್ತ ನೋಡದೆ ಹೊರಟುಹೋದಿರೆಂದೂ ಹುಡುಗಿಯರು ಹೇಳಿದರು.

ಅವಳ ಹೃದಯದ ದೋಷ ಹುಟ್ಟಿನಿಂದ ಬಂದದ್ದು, ನಿಮಗಾಗಲಿ ನನಗಾಗಲಿ ತಿಳಿಯುವಂಥದ್ದಲ್ಲ ಎಂದು ವೈದ್ಯರು ಹೇಳಿದ್ದಾರೆ. ಆ ಸಾವನ್ನು ನಿಮ್ಮ ತಲೆಗೆ ಕಟ್ಟಿಕೊಳ್ಳಬೇಡಿ. ಆದರೆ ಗೋಲನ್ನು ಬರಿದು ಬಿಟ್ಟದ್ದು ನಿಮ್ಮದೇ ತಪ್ಪು. ಅದನ್ನು ಹುಡುಗಿಯರ ಮುಂದೆ ಹೇಳಿ.

ಅವಳ ಪ್ಯಾಡು, ಗ್ಲೌಸುಗಳನ್ನು ಕಳಿಸಿದ್ದೇನೆ. ಎಡಗಾಲಿನ ಪ್ಯಾಡಿನ ಪಟ್ಟಿ ಕಿತ್ತುಬಂದಿತ್ತು; ಅವಳ ಅಮ್ಮ ಹೊಲಿದಿದ್ದಾಳೆ. ಇನ್ನು ಗೋಲಿಗೆ ನಿಲ್ಲುವ ಹುಡುಗಿಗೆ ತೊಡಿಸಿ.

ನಮ್ಮ ವಾದದಲ್ಲಿ ಗೆದ್ದವಳು ಅವಳೇ. ಅವಳು ಬದುಕಿದ್ದಾಗ ನಾನದನ್ನು ಒಪ್ಪಲಿಲ್ಲ. ನೀವು ಬೆಂಚಿನ ಮೇಲೆ ಕೂತು ಅದನ್ನು ಹೇಳುವ ದಿನವನ್ನು ದಯವಿಟ್ಟು ತಿಳಿಸಿ, ನಾನೂ ಬರುತ್ತೇನೆ. ಬೆಂಚಿನ ತುದಿಯಲ್ಲಿ ನನಗಿಷ್ಟು ಜಾಗವಿರಲಿ.

ಇಂತಿ,
ನಿಮ್ಮ ಗೋಲ್‌ಕೀಪರಿನ ತಂದೆ