ಮಚ್ಚೆ ಮುಚ್ಚುವ ಗುಂಡಿ

ರೀ,

ಶಾಲೆಯ ಸಮವಸ್ತ್ರಗಳನ್ನು ಇವತ್ತೇ ಹೊಲಿದು ಕೊಡಬೇಕು, ಅಂಗಡಿಗೆ ಹೊರಟೆ. ತಿಂಡಿ ಮುಚ್ಚಿಟ್ಟಿದ್ದೇನೆ. ತಿಂದು ನೇರ ಚರ್ಮದ ಡಾಕ್ಟರ ಹತ್ತಿರ ಹೋಗಿ. ಇವತ್ತು ನೀವು ಬಣ್ಣ ಹೊಡೆಯಲು ಬರುವುದಿಲ್ಲವೆಂದು ಮೇಸ್ತ್ರಿಗೆ ನಾನೇ ಹೇಳಿದ್ದೇನೆ, ಆ ನೆಪ ನಡೆಯದು.

ಮದುವೆಯಾದ ಹೊಸದರಲ್ಲಿ ನಿಮ್ಮ ಮೊದಲ ಅಂಗಿಗೆ ಅಳತೆ ತೆಗೆಯುವಾಗ, ಬೆನ್ನಿನ ಮಚ್ಚೆಯ ಮೇಲೆ ಈ ಬಿಳಿ ಗುಂಡಿ ಇಟ್ಟು ನೋಡಿದ್ದೆ. ಅಳೆದು ಮಾಡಿಸಿದ ಹಾಗೆ ಕೂತಿತ್ತು. ನೀವು ಕಚಗುಳಿ ತಾಳದೆ ನಕ್ಕಿರಿ, ನನ್ನ ಕೈಯಿಂದ ಟೇಪು ಜಾರಿತು. ಆ ಅಂಗಿಯ ಒಂದು ತೋಳು ಇವತ್ತಿಗೂ ಗಿಡ್ಡ. ಅಲ್ಲಿಂದ ಪ್ರತಿ ಹೊಸ ಅಂಗಿಗೂ ಮೊದಲು ನಮಗೆ ಅದೇ ಆಟ.

ಮೊನ್ನೆ ಇಟ್ಟರೆ ಮಚ್ಚೆ ಒಂದು ಕಡೆ ಕಪ್ಪಗೆ ಹೊರಗೆ ಇಣುಕಿತು. "ಗುಂಡಿ ಸವೆದಿರ್ಬೇಕು ಬಿಡೇ" ಅಂದಿರಿ. ನಾನೂ ನಕ್ಕೆ. ಆಮೇಲೆ ನಿದ್ದೆ ಹತ್ತಲಿಲ್ಲ.

ಗುಂಡಿಯನ್ನು ಚೀಟಿಯ ಪಕ್ಕದಲ್ಲೇ ಇಟ್ಟಿದ್ದೇನೆ. ಡಾಕ್ಟರಿಗೆ ತೋರಿಸಿ, ಮಚ್ಚೆ ಮೊದಲು ಇಷ್ಟೇ ಇತ್ತು ಎನ್ನಿ. ಮೈಯೆಲ್ಲ ನೋಡಬೇಕು ಎಂದರೆ ನೋಡಲಿ, ಹೊಸ ಮದುಮಗನ ಹಾಗೆ ನಾಚಬೇಡಿ.

ಗುಂಡಿಯನ್ನು ಮಾತ್ರ ಅಲ್ಲೇ ಮರೆತು ಬರಬೇಡಿ. ಮುಂದಿನ ಅಂಗಿಗೆ ಬೇಕು.