ವಾಲ್ಟರಣ್ಣನ ಎಡಗೈ

೧೦ ಮಾರ್ಚ್ ೧೯೯೧, ಆದಿತ್ಯವಾರ, ನೈರೋಬಿ

ಸಂತ ಅಂತೋನಿಯವರೇ, ಡೈರಿಯಲ್ಲಿ ನಿಮಗೆ ಬರೆಯುವುದು ತಪ್ಪೇನೋ, ಸಾರಿ. ಕಳೆದುಹೋದದ್ದನ್ನು ನೀವು ಹುಡುಕಿಕೊಡುತ್ತೀರಿ ಅಂತ ಹಾಸ್ಟೆಲಿನ ಸಿಸ್ಟರ್ ಹೇಳುತ್ತಿದ್ದರು.

ಬೆಳಿಗ್ಗೆ ಪೂಜೆಗೆ ಹೊರಡುವಾಗ ವಾಲ್ಟರಣ್ಣ ನನ್ನ ಕೈಗೆ ಬಾಚಣಿಗೆ ಕೊಟ್ಟ. "ಸ್ವಲ್ಪ ಬಾಚು ಮಾರಾಯ್ತಿ. ಪಪ್ಪನಿಗೆ ಹೇಳಬೇಡ." ಚೆಂಡು ಎಸೆದೆಸೆದು ಅವನ ಬಲಗೈ ಈಗ ಭುಜದಿಂದ ಮೇಲೆ ಏಳುವುದೇ ಇಲ್ಲ. ಇಲ್ಲೇ ರುಂಡಾ ಬಡಾವಣೆಯ ಅಮೆರಿಕನ್ನರ ಬೇಸ್‌ಬಾಲ್ ಟೀಮಿನವರು ಅವನನ್ನು ಸಂಬಳ ಕೊಟ್ಟು ಚೆಂಡೆಸೆಯಲು ಇಟ್ಟುಕೊಂಡು ಎರಡು ತಿಂಗಳೂ ಆಗಿಲ್ಲ.

ಚರ್ಚಿನ ಹೊರಗೆ ಪಪ್ಪ ಸಿಕ್ಕವರಿಗೆಲ್ಲ, "ನಮ್ಮವನು ಈಗ ಪ್ರೊಫೆಷನಲ್. ಬ್ಯಾಂಕ್ ಕೆಲಸ ಬಿಡು ಅಂತ ನಾನೇ ಹೇಳಿದ್ದು" ಅಂದರು. ಪಕ್ಕದ ಮನೆಯ ಜೆನೆವಿವ್ ಆಂಟಿ ಕೈಕುಲುಕಲು ಬಂದರೆ ಅಣ್ಣ ಎಡಗೈ ಕೊಟ್ಟ.

"ಏನು, ಸ್ಟಾರ್ ಆದಮೇಲೆ ಬಲಗೈ ನಮಗಿಲ್ವಾ?"

ಎಲ್ಲರೂ ನಕ್ಕರು. ಅಣ್ಣನೂ ನಕ್ಕ.

ಇನ್ನೊಂದು ಮ್ಯಾಚ್ ಆಡಿದರೆ ಕೈ ಪೂರ್ತಿ ಹೋಗುತ್ತದೆ ಅಂತ ಡಾಕ್ಟರ್ ಹೇಳಿದ್ದು ನನಗೆ ಮಾತ್ರ ಗೊತ್ತು. ಆದರೂ ಶನಿವಾರ ಆಡುತ್ತಾನಂತೆ, ಪಪ್ಪನ ಮುಖ ನೋಡಿ ಬೇಡ ಅನ್ನಲು ಆಗುವುದಿಲ್ಲವಂತೆ. ನಾನೇ ಪಪ್ಪನಿಗೆ ಹೇಳಿಬಿಟ್ಟರೆ ಅಣ್ಣ ನನ್ನನ್ನು ಇನ್ನೆಂದೂ ನಂಬುವುದಿಲ್ಲ. ನಾಳೆ ನನಗೆ ಫಸ್ಟ್ ಇಯರ್ ಟೆಸ್ಟ್ ಬೇರೆ, ಒಂದಕ್ಷರ ತಲೆಗೆ ಹೋಗುತ್ತಿಲ್ಲ.

ಕೈಯನ್ನು ಹುಡುಕಿಕೊಡಿ ಅಂತ ಕೇಳುತ್ತಿಲ್ಲ. ಹೇಳಲೋ ಬೇಡವೋ, ಅಷ್ಟೇ. ಶನಿವಾರದೊಳಗೆ ಉತ್ತರ ಕೊಡಿ, ಪ್ಲೀಸ್.