ಸೋಪಿನ ಪುಡಿಯ ಹಾಡಿಗೆ ಮುಂದಿನ ಸಾಲು

ಕಿರಂಗೂರು
ತಾ. ೧೨-೯-೧೯೯೫, ಮಂಗಳವಾರ

ಮದರಾಸಿನಲ್ಲಿ ಇದ್ದುಕೊಂಡು ನಮ್ಮ ಹೊಳೆಯ ಮೇಲೆ ಕುಣಿಯುವ ಮೊಮ್ಮಗಳು ಮಾನಸಳಿಗೆ, ನಿನ್ನ ಅಜ್ಜಿ ಸಿದ್ದಲಿಂಗಮ್ಮನ ಆಶೀರ್ವಾದ. ಕ್ಷೇಮ ಸಮಾಚಾರ ಆಮೇಲೆ. ಮೊದಲು ನಿನ್ನ ಹತ್ತಿರ ಒಂದು ಜಗಳ ಇದೆ, ಅದನ್ನು ಮುಗಿಸುತ್ತೇನೆ.

ನಿನ್ನ ಕಾಗದ ಬಂದು ವಾರವಾಯಿತು. ಉತ್ತರ ಬರೆಯೋಣ ಅಂತ ಕೂತರೆ ಕಾಲು ನಿಲ್ಲುವುದಿಲ್ಲ. ಎದ್ದು ಹೋಗಿ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತೇನೆ. ಒಲೆಯ ಮೇಲೆ ಏನೂ ಇಲ್ಲದಿದ್ದರೂ ಉಕ್ಕುತ್ತಿದೆಯೇನೋ ಅಂತ ಹೋಗಿ ನೋಡಿ ಬರುತ್ತೇನೆ. ಕಬ್ಬಿನ ಗಾಡಿಗಳು ಪಾಂಡವಪುರದ ಕಡೆ ಹೋಗುವಾಗ ಜಗಲಿಗೆ ಬಂದು ನಿಲ್ಲುತ್ತೇನೆ, ಗಾಡಿ ದಾಟಿದ ಮೇಲೆ ಯಾಕೆ ಬಂದೆ ಅಂತ ಮರೆತು ಒಳಗೆ ಹೋಗುತ್ತೇನೆ. ಮೂರನೇ ಕ್ಲಾಸಿಗೇ ಸ್ಲೇಟು ಬಿಸಾಕಿದವಳ ಅಕ್ಷರ ಇದು. ಕೋಳಿ ಕೆದರಿದ ಹಾಗಿದ್ದರೆ ನಗಬೇಡ, ನಿಧಾನವಾಗಿ ಓದು.

ನಿನ್ನ ಜಾಹೀರಾತು ನೋಡಿದೆ. ನಮ್ಮ ಬೀದಿಯಲ್ಲಿ ಬಣ್ಣದ ಟಿ.ವಿ. ಇರುವುದು ಸೋಮಯ್ಯನ ಮನೆಯಲ್ಲಿ ಅಂತ ನಿನಗೂ ಗೊತ್ತು. ಸಂಜೆ ವಾರ್ತೆ ಮುಗಿದ ಕೂಡಲೇ ನೀನು ಬರುತ್ತೀಯೆ. ಬಿಳಿ ಸೀರೆ ಉಟ್ಟುಕೊಂಡು ಶ್ರೀರಂಗಪಟ್ಟಣದ ಸ್ನಾನಘಟ್ಟದ ಮೆಟ್ಟಿಲು ಇಳಿಯುವುದೇನು, ನೀರಿಗೆ ಕಾಲಿಟ್ಟರೆ ಮುಳುಗದೆ ಮೇಲೇ ನಿಲ್ಲುವುದೇನು. ಒಂದು ಸುತ್ತು ತಿರುಗಿದರೆ ಸೀರೆ ಹಳದಿ, ಇನ್ನೊಂದು ಸುತ್ತಿಗೆ ಕೆಂಪು. ಕಣ್ಣು ಮಿಟುಕಿಸುವುದರೊಳಗೆ ಒಬ್ಬಳಿದ್ದವಳು ಎಂಟು ಜನ. ಕೊನೆಗೆ ಎಂಟು ಜನರ ಸೆರಗೂ ಉದ್ದವಾಗಿ, ಒಂದಕ್ಕೊಂದು ಸೇರಿ, ಹೊಳೆಯೇ ಆಗಿ ಹರಿದು ಹೋಗುತ್ತದೆ.

ಸೋಮಯ್ಯನ ಹೆಂಡತಿ ಕೆಂಪಮ್ಮ ಕೇಳಿದಳು: “ಅಕ್ಕೋ, ಈ ಎಂಟು ಜನ್ದಾಗೆ ನಿನ್ ಮೊಮ್ಮಗಳು ಯಾವ್ಳು?”

“ಒಬ್ಳನ್ನ ಸಾಕಕ್ಕೇ ನನ್ ಸೊಂಟ ಬಿದ್ದೋಯ್ತು, ಮಿಕ್ಕಿದ್ ಏಳ್ನ ಯಾರ್ ಸಾಕಿದ್ರೋ ಕಾಣೆ ಕಣವ್ವ” ಅಂದೆ.

ಅದೆಲ್ಲ ಕಂಪ್ಯೂಟರಿನಲ್ಲಿ ಮಾಡುವುದು, ನೀರಿನ ಮೇಲೆ ನೀನು ನಿಂತೇ ಇರಲಿಲ್ಲ ಅಂತ ಬರೆದಿದ್ದೀಯೆ. ಆಗಲಿ. ಬಟ್ಟೆ ಒಗೆಯುವ ಪುಡಿ ಮಾರುವುದಕ್ಕೆ ಎಂಟು ಜನ ಕುಣಿಯುತ್ತಾರೆ, ಒಬ್ಬಳಾದರೂ ಬಗ್ಗಿ ಬಟ್ಟೆ ಕುಕ್ಕುವುದಿಲ್ಲ. ಅದೂ ಆಗಲಿ. ಸೊಂಟ ಕಾಣುತ್ತದೆ ಅಂತಲೂ ನಾನು ಜಗಳ ತೆಗೆಯುವುದಿಲ್ಲ; ನಾಟಿ ಹಾಕುವಾಗ ನನ್ನ ಸೊಂಟವನ್ನು ಊರೆಲ್ಲ ನೋಡಿದೆ. ಚೆನ್ನಾಗಿ ಕುಣಿದಿದ್ದೀಯೆ. ಹೊಗಳಿಕೆ ಇಷ್ಟೇ, ಇನ್ನು ಕೇಳಬೇಡ.

ಜಗಳ ಇರುವುದು ರಾಗದ ಮೇಲೆ.

ಮೊದಲನೇ ದಿನ ನಾನು ನಿನ್ನ ಕುಣಿತ ನೋಡಲೇ ಇಲ್ಲ. ತಮಟೆ, ಕೊಳಲು, ಅದೇನೋ ಟುಂಯ್ ಟುಂಯ್ ಅನ್ನುವ ಸದ್ದು, ಅದರ ನಡುವೆ ಆ ಹುಡುಗಿ ‘ಅಂಗಳ ತುಂಬಾ ಬಣ್ಣ ಬಣ್ಣ’ ಅಂತ ಎಳೆದಳು ನೋಡು, ನನ್ನ ಕೈಯಲ್ಲಿದ್ದ ಕಡಲೆಕಾಯಿ ಕೆಳಗೆ ಬಿತ್ತು. ಎದ್ದು ಮನೆಗೆ ಬಂದೆ. ಮೊಮ್ಮಗಳನ್ನು ನೋಡಿದ ಸಂತೋಷ ತಡೆಯಲಾರದೆ ಎದ್ದು ಹೋದಳು ಅಂತ ಅವರು ತಿಳಿದುಕೊಂಡರು. ಹಾಗೇ ತಿಳಿದುಕೊಳ್ಳಲಿ ಅಂತ ನಾನೂ ಸುಮ್ಮನಿದ್ದೆ.

ಸುಮ್ಮನಿರುವುದಕ್ಕೆ ದೊಡ್ಡತಾಯಮ್ಮ ಬಿಡಬೇಕಲ್ಲ. ಅವಳಿಗೆ ಈಗ ಎರಡು ಕಣ್ಣಿಗೂ ಪೊರೆ, ಟಿ.ವಿ. ಯಾಕೆ ಅಂತ ಸೋಮಯ್ಯನ ಜಗಲಿಯ ಮೇಲೇ ಕೂತಿರುತ್ತಾಳೆ. ಹೋದ ವಾರ ಒಳಗೆ ನಿನ್ನ ಹಾಡು ಬಂತು. ಮುದುಕಿ ಕೋಲು ಹುಡುಕಿಕೊಂಡು ಎದ್ದು ನಿಂತಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಾಗಿಲಿಗೆ ಬಂದು ಕೇಳಿದಳು: “ಯಾರ್ ಮನೇಲವ್ವ ಸಾವಾಗಿರದು?”

ಕೆಂಪಮ್ಮ, “ಕುಂತ್ಕೊ ದೊಡ್ಡವ್ವ, ಯಾರೂ ಸತ್ತಿಲ್ಲ. ಅದು ಸೋಪಿನ ಪುಡಿ” ಅಂದಳು.

“ಸೋಪಿನ ಪುಡೀಗ್ ಯಾಕವ್ವ ಇಂಗೆ ಅಳ್ತಾವ್ರೆ?”

“ಅಳ್ತಾ ಇಲ್ಲ ಕಣವ್ವ, ಕುಣೀತಾವ್ರೆ.”

“ಕುಣ್ಯೋರ್ಗೆ ಈ ರಾಗ ಯಾಕ್ ಬೇಕಿತ್ತು?” ಅಂದಳು ದೊಡ್ಡತಾಯಮ್ಮ. “ಇದು ಎಣದ್ ಮುಂದೆ ಆಡ್ಕೊಂಡ್ ಅಳೋದು.”

ಒಳಗೆ ಕೂತಿದ್ದವರೆಲ್ಲ ನಕ್ಕರು. ಆಮೇಲೆ ವಯಸ್ಸಾದ ಹೆಂಗಸರ ನಗು ಒಂದೊಂದಾಗಿ ನಿಂತಿತು. ಎಲ್ಲರೂ ನನ್ನ ಮುಖ ನೋಡಿದರು. ಸೋಮಯ್ಯನ ಸೊಸೆ ತುಂಬಿದ ಬಸುರಿ. ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಎದ್ದು ಒಳಕೋಣೆಗೆ ಹೋದಳು. ಅವತ್ತಿನಿಂದ ನೀನು ಬಂದ ಕೂಡಲೇ ಕೆಂಪಮ್ಮ ಸದ್ದು ಪೂರ್ತಿ ಇಳಿಸುತ್ತಾಳೆ. ನೀನು ಮೂಗಿಯ ಹಾಗೆ ನೀರಿನ ಮೇಲೆ ಕುಣಿದು ಹೋಗುತ್ತೀಯೆ. ಮಾರನೇ ದಿನ ನಲ್ಲಿಯ ಹತ್ತಿರ ನನಗೆ ಕೇಳುವ ಹಾಗೇ ಅಂದರು, ಸಿದ್ದಲಿಂಗಮ್ಮನ ಮೊಮ್ಮಗಳು ಸಾವಿನ ರಾಗವನ್ನು ಮನೆಮನೆಗೂ ಕಳಿಸಿದ್ದಾಳೆ ಅಂತ. ನಾನು ಸುಮ್ಮನೆ ಬರುತ್ತೇನಾ? “ನಿಮ್ ಸೊಸೇರು ದಿನಾ ನಿಮ್ ಸಾವನ್ನ ಬೇಡ್ಕತಾವ್ರಲ್ಲ, ಅದ್ಕಿಂತ್ಲಾ?” ಅಂದು ಕೊಡ ಎತ್ತಿಕೊಂಡು ಬಂದೆ. ಬಂದ ಮೇಲೆ ನೋಡಿದರೆ ಕೊಡಕ್ಕೆ ನೀರೇ ಹಿಡಿದಿರಲಿಲ್ಲ.

ಈ ಕಡೆ ಬೀದಿ, ಆ ರಾಗ ನಿಲ್ಲಿಸು ಅನ್ನುತ್ತದೆ. ಆ ಕಡೆಯಿಂದ ನಿನ್ನ ಕಾಗದ, ಆ ರಾಗಕ್ಕೆ ಮುಂದಿನ ಸಾಲು ಕೊಡು ಅನ್ನುತ್ತದೆ. ಬರೆದಿದ್ದೀಯಲ್ಲ: ಪುಡಿಯವರಿಗೆ ಹಾಡು ಬಹಳ ಹಿಡಿಸಿದೆ, ದೀಪಾವಳಿಗೆ ಇನ್ನೂ ಉದ್ದದ್ದು ಬೇಕಂತೆ, ಅದರಲ್ಲಿ ಕುಣಿತವನ್ನೆಲ್ಲ ನಿನ್ನ ಕೈಗೇ ಕೊಡುತ್ತಾರಂತೆ, ಆದರೆ ಹಾಡಿನ ಮಿಕ್ಕ ಭಾಗ ಅಜ್ಜಿಯಿಂದ ತರಬೇಕಂತೆ. ತರದಿದ್ದರೆ ಬೇರೆಯವರ ಹಾಡು, ಬೇರೆಯವರ ಕುಣಿತ, ನೀನು ಮತ್ತೆ ಹಿಂದಿನ ಸಾಲಿಗೆ. ‘ನೀನು ಚಿಕ್ಕಂದಿನಲ್ಲಿ ಹಾಡುತ್ತಿದ್ದ ಜೋಗುಳ ಅಜ್ಜಿ, ಗೆಜ್ಜೆ ಕಟ್ಟುವಾಗ ಗುನುಗುತ್ತಿದ್ದೆ, ಸಂಗೀತದವರು ಕೇಳಿ ಹಿಡಿದುಕೊಂಡರು’ ಅಂತಲೂ ಬರೆದಿದ್ದೀಯೆ.

ಜೋಗುಳವಂತೆ. ನಾನು ಯಾವತ್ತು ನಿನಗೆ ಜೋಗುಳ ಹಾಡಿದೆ ಹೇಳು. ಬೆನ್ನಿಗೆ ಎರಡು ತಟ್ಟಿ, ಮಲಗ್ತೀಯೋ ಇಲ್ಲ ಗುಮ್ಮನ್ನ ಕರೀಲೋ ಅನ್ನುತ್ತಿದ್ದೆ. ನೀನೂ ಗುಮ್ಮನಿಗಿಂತ ನನಗೇ ಹೆದರಿ ಮಲಗುತ್ತಿದ್ದೆ.

ಮೊನ್ನೆ ಇಮಾಮ್ ಬಂದಿದ್ದ. ಶ್ರೀರಂಗಪಟ್ಟಣದಲ್ಲಿ ಮೈಕ್ ಸೆಟ್ ಅಂಗಡಿ ಇಟ್ಟಿದ್ದಾನಲ್ಲ, ನೀವು ಹೊಳೆಯ ಹತ್ತಿರ ಶೂಟಿಂಗ್ ಮಾಡಿದಾಗ ಸ್ಪೀಕರು ಕೊಟ್ಟವನು, ಅವನೇ. ನಿಮ್ಮ ಕಂಪನಿಯವರು ಅವನಿಗೆ ಫೋನು ಮಾಡಿ, ಅಜ್ಜಿಯ ಗಂಟಲು ಹೇಗಿದೆ ನೋಡಿ ಒಂದು ಕ್ಯಾಸೆಟ್ ತುಂಬಿಕೊಂಡು ಬಾ ಅಂದರಂತೆ. ಟೇಪ್ ರೆಕಾರ್ಡರನ್ನು ಮಗುವಿನ ಹಾಗೆ ಟವೆಲಿನಲ್ಲಿ ಸುತ್ತಿಕೊಂಡು ಬಂದಿದ್ದ. ಗಂಟಲು ಕಟ್ಟಿದೆ, ಆಗುವುದಿಲ್ಲ ಅಂದೆ.

“ಏನಜ್ಜಿ, ಈಗ್ ತಾನೆ ಕೋಳಿಗ್ ಬಯ್ತಿದ್ದುದು ಬಸ್ ಸ್ಟಾಪ್‌ಗಂಟ ಕೇಳಸ್ತಲ್ಲ” ಅಂದ.

“ಬೈಯೋ ಗಂಟ್ಲೇ ಬೇರೆ, ಆಡೋ ಗಂಟ್ಲೇ ಬೇರೆ ಕಣ್ಲಾ.”

ಅವನು ನಗಲಿಲ್ಲ. ಕೆಂಪಮ್ಮನ ಮನೆಯ ವಿಷಯ ಅವನ ಕಿವಿಗೂ ಬಿದ್ದಿತ್ತು ಅಂತ ಕಾಣುತ್ತದೆ. “ಖುದಾ ಕಸಂ ಅಜ್ಜಿ, ಬ್ಯಾಡ ಅಂದ್ರೆ ಬ್ಯಾಡ. ನಾನ್ ಮಿಷಿನ್ ಆಫ್ ಮಾಡ್ಬುಡ್ತೀನಿ. ಆದ್ರೆ ಬರೋ ಬುಧವಾರ ಕಂಪ್ನಿಯೋರೇ ಬತ್ತಾರೆ. ಅವ್ರು ಆಫ್ ಮಾಡಲ್ಲ” ಅಂದ. ಬಂದವನನ್ನು ಬರಿಗೈಯಲ್ಲಿ ಯಾಕೆ ಕಳಿಸಲಿ ಅಂತ ಒಂದು ರಾಗಿ ಬೀಸುವ ಪದ ಹಾಡಿ ತುಂಬಿಸಿದೆ. ಕಲ್ಲಿನ ಗೂಟ ಹಿಡಿಯದೆ ಹಾಡಿದರೆ ಪದ ಎಲ್ಲೆಲ್ಲೋ ಓಡುತ್ತದೆ, ಆದರೂ ಚೆನ್ನಾಗಿಯೇ ಬಂತು. ಅದರಲ್ಲಿ ಅತ್ತೆಗೆ ಬೈಗುಳ ಧಾರಾಳವಾಗಿದೆ, ಕುಣಿಯಬಹುದು.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ. ಇಷ್ಟು ಹೊತ್ತು ಗಾಣದ ಎತ್ತಿನ ಹಾಗೆ ಸುತ್ತಿದೆ.

ನಿನ್ನನ್ನು ನಾನು ಯಾವ ಸಾವಿನ ಮನೆಗೂ ಕರೆದುಕೊಂಡು ಹೋಗಲಿಲ್ಲ. ತಾಯಿ ಇಲ್ಲದ ಮಗು, ಅಲ್ಲಿ ಯಾಕೆ ಅಂತ ಕೆಂಪಮ್ಮನ ಹತ್ತಿರ ಬಿಟ್ಟು ಹೋಗುತ್ತಿದ್ದೆ. ಅದಕ್ಕೇ ನಿನಗೆ ಗೊತ್ತಿಲ್ಲ. ನಮ್ಮ ಕಡೆ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡಿಕೊಂಡು ಅಳುತ್ತೇವೆ. ಹೋದವರ ಹೆಸರು ಹಿಡಿದು, ಅವರು ಏನು ತಿಂದರು, ಏನು ಉಟ್ಟರು, ಯಾರ ಹತ್ತಿರ ಮಾತು ಬಿಟ್ಟಿದ್ದರು, ಎಲ್ಲವನ್ನೂ ಸೇರಿಸಿ. ಯಾರೂ ಕಲಿಸುವುದಿಲ್ಲ. ಹೆಣ ಮುಂದಿದ್ದರೆ ಬರುತ್ತದೆ. ಎತ್ತಿದ ಮೇಲೆ ಆ ಹಾಡನ್ನು ಮನೆಯೊಳಗೆ ಯಾರೂ ಬಾಯಿಗೆ ತರುವುದಿಲ್ಲ.

ನಿನ್ನ ಅವ್ವ ಯಶೋದ ಮಾಕವಳ್ಳಿಯಲ್ಲಿ ಜ್ವರದಲ್ಲಿ ಹೋದಾಗ ನಿನಗೆ ನಾಲ್ಕು ತುಂಬಿರಲಿಲ್ಲ. ಕೆ.ಆರ್. ಪೇಟೆಗೆ ಹೋಗುವ ಬಸ್ಸು ಹಿಡಿದು ನಾನು ಸೇರುವ ಹೊತ್ತಿಗೆ ಅವಳನ್ನು ಅಂಗಳಕ್ಕೆ ತಂದು ಮಲಗಿಸಿದ್ದರು. ನೀನು ಯಾರ ಹತ್ತಿರವೂ ಹೋಗದೆ ಕಂಬ ಹಿಡಿದು ನಿಂತಿದ್ದೆ, ನನ್ನನ್ನು ಕಂಡವಳೇ ಓಡಿ ಬಂದು ತೊಡೆಯ ಮೇಲೆ ಕೂತೆ. ನಾನು ಅವಳ ಕಾಲ ಹತ್ತಿರ ಕೂತು ಹಾಡಿಕೊಂಡು ಅತ್ತೆ. ಅಳುವಾಗ ಮೈ ತೂಗುತ್ತದಲ್ಲ, ಆ ತೂಗಾಟಕ್ಕೆ ನೀನು ನಿದ್ದೆ ಹೋದೆ. ಹೆಣ ಎತ್ತುವಾಗಲೂ ಏಳಲಿಲ್ಲ. ಬಂದವರೆಲ್ಲ ಮಗು ಪುಣ್ಯವಂತೆ, ಏನೂ ಗೊತ್ತಾಗಲಿಲ್ಲ ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ. ನಿನ್ನಪ್ಪ ನಾಗಮಂಗಲದಲ್ಲಿ ಇನ್ನೊಂದು ಮದುವೆಯಾದ ಮೇಲೆ ಕಿರಂಗೂರಿಗೆ ಕರೆತಂದು ಸಾಕಿದೆ. ಆ ದಿನದ್ದು ನಿನ್ನ ತಲೆಯಲ್ಲಿ ಒಂದು ಚೂರೂ ಉಳಿದಿಲ್ಲ ಅಂತಲೇ ನಂಬಿದ್ದೆ, ಸೋಮಯ್ಯನ ಮನೆಯಲ್ಲಿ ನಿನ್ನ ಜೋಗುಳ ಕೇಳುವ ತನಕ.

‘ಅಂಗಳ ತುಂಬಾ ಬಣ್ಣ ಬಣ್ಣ’ ಅಂತ ಎಳೆಯುತ್ತಾರಲ್ಲ, ಅಲ್ಲಿ ನಾನು ‘ಅಂಗಳ ತುಂಬಾ ನೆಂಟರು ಬಂದವ್ರೆ’ ಅಂದಿದ್ದೆ. ಅದಾದ ಮೇಲೆ ಬರುವುದು ಅವಳ ಹೆಸರು. ನಿನ್ನ ಜಾಹೀರಾತು ಹೆಸರಿಗೆ ಬರುವುದಕ್ಕೆ ಮುಂಚೆಯೇ ಮುಗಿದುಬಿಡುತ್ತದೆ. ಅಷ್ಟರ ಮಟ್ಟಿಗೆ ಕಂಪನಿಯವರು ಒಳ್ಳೆಯವರು. ಈಗ ಉದ್ದದ್ದು ಮಾಡಿದರೆ ಹೆಸರಿನ ಜಾಗದಲ್ಲಿ ಏನು ಹಾಕುತ್ತಾರೆ? ಪುಡಿಯ ಹೆಸರು.

ಅದಕ್ಕೇ ಕೊಡುವುದಿಲ್ಲ. ನಾಳೆ ಬುಧವಾರ ಅವರು ಕಾರಿನಲ್ಲಿ ಬಂದರೆ ಕಾಫಿ ಕೊಡುತ್ತೇನೆ, ಬೀಸುವ ಪದ ಬೇಕಾದರೆ ಮತ್ತೆ ಹಾಡುತ್ತೇನೆ. ಇದನ್ನು ಕೇಳಿದರೆ, ಎದೆಗೆ ಮೆಷಿನ್ ಇಟ್ಟರೂ ಬಾಯಿ ತೆಗೆಯುವುದಿಲ್ಲ. ನಿನಗೆ ಆ ಕೆಲಸ ತಪ್ಪಿದರೆ ನನ್ನನ್ನು ಬೈಯಿ. ಬೈಯುವುದನ್ನು ನಾನೇ ಕಲಿಸಿದ್ದು, ಚೆನ್ನಾಗಿಯೇ ಬೈಯುತ್ತೀಯೆ. ಈಗ ಬರುತ್ತಿರುವುದನ್ನು ನಿಲ್ಲಿಸು ಅಂತ ಮಾತ್ರ ನಾನು ಹೇಳುವುದಿಲ್ಲ. ಬೀದಿಯವರು ಹೇಳು ಅಂದರು, ಹೇಳಿದ್ದೇನೆ ಅಂತ ಅವರಿಗೆ ಹೇಳುತ್ತೇನೆ.

ಇಷ್ಟೆಲ್ಲ ತಿಳಿದ ಮೇಲೆ ಗೆಜ್ಜೆ ಕಟ್ಟುವಾಗ ಬಾಯಿ ಕಟ್ಟಿಕೊಳ್ಳಬೇಡ. ನೀನು ಮಾಡಿದ್ದು ತಪ್ಪು ಅಂತ ನಾನು ಎಲ್ಲೂ ಬರೆದಿಲ್ಲ, ಹುಡುಕಿ ನೋಡು. ಹೊತ್ತಿಗೆ ಸರಿಯಾಗಿ ಉಣ್ಣು. ಟಿ.ವಿ.ಯಲ್ಲಿ ನೋಡಿದರೆ ಎಂಟು ಜನರ ಕತ್ತಿನ ಮೂಳೆಯೂ ಕಾಣುತ್ತದೆ.

ಇಂತಿ ನಿನ್ನ ಬಾಯಿಬಡುಕಿ ಅಜ್ಜಿ,
ಸಿದ್ದಲಿಂಗಮ್ಮ

ಮರೆತೆ ಅಂತ ಬರೆಯಬೇಕು, ಮರೆತಿರಲಿಲ್ಲ: ಕೊಡುವುದಿಲ್ಲ ಅಂತ ಅಷ್ಟು ಜೋರಾಗಿ ಬರೆದೆನಲ್ಲ, ಕೊಡುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ ಮಗಾ. ಹಾಡಿ ಅಳುವವಳಿಗೆ ಹಾಡು ನೆನಪಿರುವುದಿಲ್ಲ. ಅವಳ ಹೆಸರು ಹಿಡಿದದ್ದು ಗೊತ್ತು, ಆಮೇಲೆ ಅವಳಿಗೆ ನಾನು ಏನು ಹೇಳಿದೆ ಅನ್ನುವುದು ಒಂದು ಮಾತೂ ಗೊತ್ತಿಲ್ಲ. ಮೊದಲಿನ ಸಾಲೂ ಟಿ.ವಿ.ಯಲ್ಲಿ ರಾಗ ಕೇಳಿದ ಮೇಲೇ ನೆನಪಿಗೆ ಬಂದದ್ದು. ಈಗ ದಿನಾ ಸಂಜೆ ಸೋಮಯ್ಯನ ಮನೆಯ ಹಿಂದಿನ ಕಿಟಕಿಗೆ ಹೋಗಿ ನಿಲ್ಲುತ್ತೇನೆ. ನನ್ನ ನೆರಳು ಕಂಡರೆ ಆ ಬಸುರಿ ಸೊಸೆ, ಅತ್ತೆಗೆ ಗೊತ್ತಾಗದ ಹಾಗೆ, ಸದ್ದು ಒಂದು ಚೂರು ಏರಿಸುತ್ತಾಳೆ. ಇವತ್ತಾದರೂ ಮುಂದಕ್ಕೆ ಹೋಗುತ್ತದೇನೋ ಅಂತ ಕಾಯುತ್ತೇನೆ, ಹೋಗುವುದಿಲ್ಲ. ನಿದ್ದೆಯಲ್ಲಿ ಅಷ್ಟು ಕೇಳಿಸಿಕೊಂಡವಳಿಗೆ ಇನ್ನೂ ಒಂದು ಸಾಲು ಕೇಳಿಸಿರಬಹುದು. ಗೆಜ್ಜೆ ಕಟ್ಟುವಾಗ ಯಾವತ್ತಾದರೂ ಬಂದರೆ ಕಂಪನಿಯವರಿಗೆ ಹೇಳಬೇಡ. ಮೊದಲ ಬಸ್ಸು ಹತ್ತಿ ಬಂದು ನನಗೆ ಹೇಳಿಕೊಡು.